ವಿರೋಧಾಭಾಸದ ಪ್ರಶ್ನೆ: ಕೊನೆಗೆ ಎರಡು ಆಯ್ಕೆ ಉಳಿದರೆ ಯಾವುದನ್ನು ಬಿಡುವುದು?

ನೀರ್ಚಾಲು ಹುಡುಗಿ:

ಎಲ್ಲರಿಗೂ ನಮಸ್ಕಾರ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ಲಾಜಿಕಲ್ ರೀಸನಿಂಗ್ ಓದುತ್ತಿದ್ದೇನೆ. ಅಸಂಪ್ಷನ್, ಸ್ಟ್ರೆಂಥನ್, ವೀಕನ್ ಪ್ರಶ್ನೆಗಳು ಪರವಾಗಿಲ್ಲ. ಆದರೆ ಎರಡು ಮಾತು ಕೊಟ್ಟು, ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂತ ತೋರಿಸಿ, ತಾಳೆ ಮಾಡುವ ಆಯ್ಕೆ ಯಾವುದು ಅಂತ ಕೇಳುತ್ತಾರಲ್ಲ, ಅದರಲ್ಲಿ ಮಾತ್ರ ಕೊನೆಗೆ ಎರಡು ಆಯ್ಕೆ ಉಳಿಯುತ್ತವೆ, ತಪ್ಪಿದ್ದಕ್ಕೇ ಕೈ ಹೋಗುತ್ತದೆ. ಒಂದು ಪ್ರಶ್ನೆಯನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಮೊದಲನೆಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಎರಡನೆಯ ಜಿಲ್ಲೆಯಲ್ಲಿ ಬೀಳುವುದು 700 ಮಿ.ಮೀ. ಮಾತ್ರ. ಎರಡರ ಜನಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಆದರೂ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಮನೆಗಳು ಮೊದಲನೆಯ ಜಿಲ್ಲೆಯಲ್ಲೇ ಹೆಚ್ಚು."

ಎ) ಮೊದಲನೆಯ ಜಿಲ್ಲೆಯಲ್ಲಿ ಕೆಲವು ವರ್ಷಗಳಿಂದ ಮಳೆ ಸ್ವಲ್ಪ ಕಡಿಮೆಯಾಗುತ್ತಿದೆ.
ಬಿ) ಬೇಸಿಗೆಯಲ್ಲಿ ಎರಡೂ ಜಿಲ್ಲೆಗಳಲ್ಲಿ ನೀರಿನ ಬಳಕೆ ಹೆಚ್ಚುತ್ತದೆ.
ಸಿ) ಮೊದಲನೆಯ ಜಿಲ್ಲೆಯ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಇಳಿಜಾರಿನಿಂದಾಗಿ ಬೇಗ ಸಮುದ್ರ ಸೇರುತ್ತದೆ, ಎರಡನೆಯ ಜಿಲ್ಲೆಯಲ್ಲಿ ಕೆರೆಗಳು ಮಳೆನೀರನ್ನು ಬೇಸಿಗೆಯವರೆಗೆ ಹಿಡಿದಿಡುತ್ತವೆ.
ಡಿ) ಎರಡನೆಯ ಜಿಲ್ಲೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲು ಮೊದಲನೆಯದಕ್ಕಿಂತ ಜೋರು.

ನಾನು ಎ ಹಾಕಿದೆ. ಸರಿ ಉತ್ತರ ಸಿ. ಸಿ ಸರಿ ಅಂತ ಒಪ್ಪುತ್ತೇನೆ, ಆದರೆ ಎ ಯಾಕೆ ತಪ್ಪು? ಮಳೆ ಕಡಿಮೆಯಾದರೆ ನೀರು ಕಡಿಮೆಯಾಗುವುದು ಸಹಜ ಅಲ್ವಾ? ಇನ್ನೊಂದು ಸಂಶಯ: ಇಳಿಜಾರು, ಕೆರೆ ಯಾವುದೂ ಪ್ರಶ್ನೆಯಲ್ಲಿ ಇಲ್ಲ. ಕೊಟ್ಟ ಮಾತಿನಲ್ಲಿ ಇಲ್ಲದ್ದನ್ನು ತಂದ ಆಯ್ಕೆಯನ್ನು ಬಿಡಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ಇಲ್ಲಿ ಅದೇ ಉತ್ತರ ಆದದ್ದು ಹೇಗೆ?

---

ಮುಳ್ಳೇರಿಯ ಮಾಷ್ಟ್ರು:

ಎರಡನೆಯ ಸಂಶಯವನ್ನು ಮೊದಲು ತೆಗೆದುಕೊಳ್ಳೋಣ. ಹೆಚ್ಚಿನವರು ಎಡವುವುದು ಅಲ್ಲೇ.

"ಹೊರಗಿನದ್ದು ಬಂದರೆ ಬಿಡು" ಎಂಬ ನಿಯಮ ಇನ್ಫರೆನ್ಸ್ ಪ್ರಶ್ನೆಗೆ ಸೇರಿದ್ದು. ಅಲ್ಲಿ ಕೊಟ್ಟ ಮಾತಿನಿಂದ ಏನು ಹೊರಡುತ್ತದೆ ಅಂತ ಕೇಳುತ್ತಾರೆ, ಹಾಗಾಗಿ ಹೊಸದಕ್ಕೆ ಜಾಗ ಇಲ್ಲ. ವಿರೋಧಾಭಾಸದ ಪ್ರಶ್ನೆಯಲ್ಲಿ ಹೊಸದು ಬರಲೇಬೇಕು. ಕೊಟ್ಟ ಎರಡು ಮಾತಿನಲ್ಲೇ ಪರಿಹಾರ ಇದ್ದಿದ್ದರೆ ಅವು ವಿರುದ್ಧ ಅಂತ ತೋರುತ್ತಲೇ ಇರಲಿಲ್ಲ. ಪ್ರಶ್ನೆಯ ಕೊನೆಯ ಸಾಲಿನಲ್ಲಿ 'ಇಫ್ ಟ್ರೂ' ಅಂತ ಇರುತ್ತದೆ ನೋಡಿ. ಆಯ್ಕೆಯನ್ನು ನಿಜವೆಂದೇ ಇಟ್ಟುಕೊಳ್ಳಬೇಕು ಅಂತ ಅದರ ಅರ್ಥ. ಅದು ನಿಜವೋ ಅಲ್ಲವೋ ಅಂತ ಪರೀಕ್ಷಿಸುವುದು ನಿಮ್ಮ ಕೆಲಸ ಅಲ್ಲ. ನಿಜವಾದರೆ ಏನಾಗುತ್ತದೆ ಅಂತ ನೋಡುವುದಷ್ಟೇ ಕೆಲಸ.

ಈ ಜಾತಿಯ ಯೋಚನೆ ನಮ್ಮಲ್ಲಿ ಹಳತು. ಮೀಮಾಂಸಾ ದರ್ಶನದವರು ಅರ್ಥಾಪತ್ತಿ ಅಂತ ಒಂದು ಪ್ರಮಾಣ, ಅಂದರೆ ತಿಳಿವಳಿಕೆ ಪಡೆಯುವ ದಾರಿ, ಹೇಳುತ್ತಾರೆ. ಅದಕ್ಕೆ ಕೊಡುವ ಉದಾಹರಣೆ ದೇವದತ್ತನದ್ದು: ದೇವದತ್ತ ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ. ಎರಡೂ ನಿಜ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಅಂತ ಒಪ್ಪಬೇಕು. ಇಲ್ಲಿ ಮೂರು ಸಂಗತಿ ಗಮನಿಸಿ. "ರಾತ್ರಿ" ಎಂಬುದು ಕೊಟ್ಟ ಮಾತಿನಲ್ಲಿ ಇರಲಿಲ್ಲ, ಹೊರಗಿನಿಂದ ಬಂತು. ಅದು ಬಂದ ಮೇಲೆ ದೇವದತ್ತ ದಪ್ಪವೇ ಉಳಿದ, ಹಗಲು ಉಣ್ಣದವನೂ ಹೌದು. ಮುರಿದದ್ದು ನಮ್ಮ ತಲೆಯೊಳಗಿನ ಒಂದು ಊಹೆ ಮಾತ್ರ, "ಹಗಲು ಉಣ್ಣದವನು ಉಣ್ಣುವುದೇ ಇಲ್ಲ" ಎಂಬುದು. ಸರಿ ಉತ್ತರ ಅಂದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊಟ್ಟ ಎರಡು ಮಾತಿನಲ್ಲಿ ಒಂದನ್ನು ಸುಳ್ಳು ಮಾಡುವ ಆಯ್ಕೆ ಯಾವತ್ತೂ ಉತ್ತರ ಅಲ್ಲ.

ಈಗ ನಿಮ್ಮ ಪ್ರಶ್ನೆ. ಇಲ್ಲಿ ಅಡಗಿ ಕೂತ ಊಹೆ ಯಾವುದು? "ಹೆಚ್ಚು ಬಿದ್ದ ನೀರು ಅಂದರೆ ಹೆಚ್ಚು ಉಳಿದ ನೀರು" ಎಂಬುದು. ಬೀಳುವುದು ಬೇರೆ, ಉಳಿಯುವುದು ಬೇರೆ. ಸಿ ಆ ಎರಡನ್ನು ಬೇರೆ ಮಾಡಿತು, ಅದೂ ಎರಡೂ ಜಿಲ್ಲೆಗಳ ಬಗ್ಗೆ ಮಾತಾಡಿ. ಮೊದಲನೆಯದರಲ್ಲಿ ಓಡಿಹೋಗುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ.

ಎ ಯಾಕೆ ಸಾಲುವುದಿಲ್ಲ ಅಂತ ಲೆಕ್ಕ ಹಾಕಿಯೇ ನೋಡಿ. "ಸ್ವಲ್ಪ ಕಡಿಮೆ" ಅಂದರೆ ನೂರಕ್ಕೆ ಹತ್ತು ಅಂತ ಧಾರಾಳವಾಗಿ ಇಟ್ಟುಕೊಳ್ಳಿ. 3,500 ಹೋಗಿ 3,150 ಆಯಿತು. 700ಕ್ಕೆ ಹೋಲಿಸಿದರೆ ಈಗಲೂ ನಾಲ್ಕೂವರೆ ಪಾಲು. ಐದು ಪಾಲು ಮಳೆ ಬೀಳುವಲ್ಲಿ ನೀರಿಲ್ಲ ಎಂಬುದು ಆಶ್ಚರ್ಯವಾದರೆ, ನಾಲ್ಕೂವರೆ ಪಾಲು ಬೀಳುವಲ್ಲಿ ನೀರಿಲ್ಲ ಎಂಬುದೂ ಅಷ್ಟೇ ಆಶ್ಚರ್ಯ. ಎ ಸರಿಯಾದ ದಿಕ್ಕಿಗೆ ಮುಖ ಮಾಡಿದೆ, ಆದರೆ ದೂರ ಕ್ರಮಿಸಿಲ್ಲ. ಇಂಥ ಆಯ್ಕೆಗಳಲ್ಲಿ "ಸ್ವಲ್ಪ", "ಕೆಲವು", "ಕೆಲವೊಮ್ಮೆ" ಎಂಬ ಪದಗಳಿರುತ್ತವೆ. ಅವುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ.

ಕನ್ನಡದಲ್ಲಿ ಯೋಚಿಸುವವರಿಗೆ ಒಂದು ಒಳ್ಳೆಯ ಪರೀಕ್ಷೆ ಉಂಟು. ವಿರೋಧ ಅಡಗಿರುವುದು "ಆದರೂ" ಎಂಬ ಪದದಲ್ಲಿ. ಆಯ್ಕೆಯನ್ನು ಎರಡು ಮಾತಿನ ನಡುವೆ ಇಟ್ಟು, "ಆದರೂ" ತೆಗೆದು "ಅದಕ್ಕೇ" ಹಾಕಿ ಓದಿ. "ಮಳೆ ಜಾಸ್ತಿ, ಆದರೆ ನಾಲ್ಕು ತಿಂಗಳಲ್ಲಿ ಸುರಿದು ಸಮುದ್ರಕ್ಕೆ ಹೋಗುತ್ತದೆ, ಅಲ್ಲಿಯಾದರೆ ಕೆರೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಇಲ್ಲಿ ಟ್ಯಾಂಕರ್ ಬೇಕು." ಸಲೀಸಾಗಿ ಕೂತಿತು. ಈಗ ಡಿ ಹಾಕಿ: "ಅಲ್ಲಿ ಬಿಸಿಲು ಇನ್ನೂ ಜೋರು, ಅದಕ್ಕೇ ಇಲ್ಲಿ ನೀರಿಲ್ಲ." ಕೂರುವುದೇ ಇಲ್ಲ, ಬದಲಿಗೆ "ಆದರೂ" ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥದ್ದು ವಿರೋಧವನ್ನು ಹೆಚ್ಚಿಸುವ ಆಯ್ಕೆ.

ಒಂದು ಎಚ್ಚರಿಕೆ. ಈ ಪ್ರಶ್ನೆ ನಮ್ಮ ಕಾಸರಗೋಡಿನ ಹಾಗೆಯೇ ಉಂಟು. ಇಲ್ಲಿ 12 ಹೊಳೆಗಳು ಹರಿಯುತ್ತವೆ, ಎಲ್ಲ ಗಿಡ್ಡ ಹೊಳೆಗಳು. ಮಳೆ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ, ಗುಡ್ಡದ ಮುರಕಲ್ಲು ನೆಲದಲ್ಲಿ ನೀರು ಹೆಚ್ಚು ದಿನ ನಿಲ್ಲುವುದಿಲ್ಲ, ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಪದ್ಧತಿ ಬೆಳೆದದ್ದೂ ಇಲ್ಲೇ. ಇದೆಲ್ಲ ಗೊತ್ತಿರುವವರಿಗೆ ಸಿ ಬೇಗ ಹೊಳೆಯುತ್ತದೆ. ಆದರೆ ಗೊತ್ತಿರುವುದು ಕೆಲವೊಮ್ಮೆ ಕೈಕೊಡುತ್ತದೆ. ಸಿಯ ಜಾಗದಲ್ಲಿ "ಮೊದಲನೆಯ ಜಿಲ್ಲೆಯ ಬಾವಿಗಳಿಗೆಲ್ಲ ಏಪ್ರಿಲ್‌ನಲ್ಲಿ ಉಪ್ಪುನೀರು ನುಗ್ಗುತ್ತದೆ, ಎರಡನೆಯದರಲ್ಲಿ ಹಾಗಾಗುವುದಿಲ್ಲ" ಅಂತ ಇದ್ದಿದ್ದರೆ ಅದೂ ಸರಿ ಉತ್ತರವೇ. "ನಮ್ಮಲ್ಲಿ ಎಲ್ಲ ಬಾವಿಗಳಲ್ಲಿ ಹಾಗಿಲ್ಲವಲ್ಲ" ಅಂತ ಅದನ್ನು ಹೊಡೆದುಹಾಕಿದರೆ ಮಾರ್ಕು ಹೋಯಿತು.

---

ಅಡೂರು ಅಕ್ಕ:

ಮಾಷ್ಟ್ರು ಹೇಳಿದ್ದರ ಜೊತೆಗೆ ನಿಮ್ಮ ಬಿ ಆಯ್ಕೆಯ ಬಗ್ಗೆಯೂ ಹೇಳಬೇಕು. ಅದನ್ನು ನೀವು ಸುಲಭವಾಗಿ ಬಿಟ್ಟಿರಿ, ಆದರೆ ಅದೇ ಜಾತಿಯದ್ದು ಬೇರೆ ವೇಷದಲ್ಲಿ ಬಂದಾಗ ಹಿಡಿಯುವುದು ಕಷ್ಟ. ಎರಡು ಗುಂಪುಗಳ ನಡುವೆ ವ್ಯತ್ಯಾಸ ಯಾಕೆ ಅಂತ ಪ್ರಶ್ನೆ ಇದ್ದರೆ, ಎರಡಕ್ಕೂ ಸಮಾನವಾಗಿ ತಾಗುವ ಯಾವ ಕಾರಣವೂ ವ್ಯತ್ಯಾಸವನ್ನು ವಿವರಿಸಲಾರದು. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕ ಹಾಕಿದ ಹಾಗೆ, ಮುಳ್ಳು ಅಲುಗುವುದಿಲ್ಲ. "ಎರಡೂ", "ಎಲ್ಲ ಕಡೆ", "ಸಾಮಾನ್ಯವಾಗಿ ಎಲ್ಲರೂ" ಅಂತ ಕಂಡ ಕೂಡಲೇ ಒಂದು ಕ್ಷಣ ನಿಲ್ಲಿ.

ಹಾಗೆಯೇ ಒಂದೇ ಬದಿಯನ್ನು ಮಾತ್ರ ವಿವರಿಸುವ ಆಯ್ಕೆ. ನನ್ನ ಮಟ್ಟಿಗೆ ಅತಿ ಹೆಚ್ಚು ಜನರನ್ನು ಬೀಳಿಸುವುದು ಇದೇ. ಇದಕ್ಕೆ ಒಂದು ನಿಜವಾದ ವಿರೋಧಾಭಾಸವನ್ನೇ ತೆಗೆದುಕೊಳ್ಳಿ, 2002ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎತ್ತಿ ತೋರಿಸಿದ್ದು. ಭಾರತದ ರಾಜ್ಯಗಳಲ್ಲಿ ಸರಾಸರಿ ಆಯುಷ್ಯ ಅತಿ ಹೆಚ್ಚು ಇರುವುದು ಕೇರಳದಲ್ಲಿ. ಆದರೂ ಸರ್ವೆಯವರು ಮನೆಗೆ ಬಂದು ಕೇಳಿದಾಗ "ನನಗೆ ಕಾಯಿಲೆ ಉಂಟು" ಅಂತ ಹೇಳುವವರ ಪ್ರಮಾಣವೂ ಕೇರಳದಲ್ಲೇ ಅತಿ ಹೆಚ್ಚು. ಬಿಹಾರದಲ್ಲಿ ಆಯುಷ್ಯ ಕಡಿಮೆ, ಕಾಯಿಲೆ ಹೇಳಿಕೊಳ್ಳುವವರೂ ಕಡಿಮೆ.

ಈಗ ಕೆಲವು ಆಯ್ಕೆಗಳನ್ನು ನಾವೇ ಮಾಡಿ ತೂಗಿ ನೋಡೋಣ. "ಕೇರಳದಲ್ಲಿ ಆಸ್ಪತ್ರೆಗಳು ಹತ್ತಿರದಲ್ಲೇ ಇರುವುದರಿಂದ ಜನ ಹೆಚ್ಚು ಕಾಲ ಬದುಕುತ್ತಾರೆ." ಇದು ಆಯುಷ್ಯವನ್ನು ವಿವರಿಸುತ್ತದೆ, ಕಾಯಿಲೆಯ ಬದಿಯನ್ನು ಮುಟ್ಟುವುದೇ ಇಲ್ಲ. "ಕೇರಳದಲ್ಲಿ ಸಕ್ಕರೆ ಕಾಯಿಲೆ ಹೆಚ್ಚು." ಇದು ಕಾಯಿಲೆಯನ್ನು ವಿವರಿಸುತ್ತದೆ, ಆದರೆ ಹಾಗಾದರೆ ಆಯುಷ್ಯ ಹೇಗೆ ಹೆಚ್ಚಾಯಿತು ಎಂಬ ಪ್ರಶ್ನೆ ಇನ್ನೂ ಕಗ್ಗಂಟಾಗುತ್ತದೆ. "ಕೇರಳದಲ್ಲಿ ಜನರಿಗೆ ಓದುಬರಹ, ಆಸ್ಪತ್ರೆಯ ಒಡನಾಟ ಹೆಚ್ಚಿರುವುದರಿಂದ ಬೇರೆ ಕಡೆ ಯಾರೂ ಕಾಯಿಲೆ ಅಂತ ಎಣಿಸದ ತೊಂದರೆಯನ್ನೂ ಗುರುತಿಸುತ್ತಾರೆ, ಬೇಗ ಔಷಧಿ ಮಾಡುತ್ತಾರೆ." ಇದು ಒಂದೇ ಏಟಿಗೆ ಎರಡೂ ಬದಿ ಮುಟ್ಟಿತು. ಗುರುತಿಸುವುದರಿಂದ ಹೇಳುವವರ ಸಂಖ್ಯೆ ಏರಿತು, ಬೇಗ ಮದ್ದಾಗುವುದರಿಂದ ಆಯುಷ್ಯವೂ ಏರಿತು. ಸೇನ್ ಅವರ ವಿವರಣೆಯೂ ಇದೇ ದಾರಿಯದ್ದು: ಕಾಯಿಲೆ ಇರುವುದು ಬೇರೆ, ಕಾಯಿಲೆ ಉಂಟು ಅಂತ ಹೇಳುವುದು ಬೇರೆ. ಅಮೆರಿಕದಲ್ಲಿ ಹೇಳಿಕೊಳ್ಳುವವರ ಪ್ರಮಾಣ ಕೇರಳಕ್ಕಿಂತಲೂ ಹೆಚ್ಚು ಅಂತ ಅವರು ತೋರಿಸಿದ್ದರಿಂದ ಆ ಮಾತಿಗೆ ಬಲ ಬಂತು.

"ಕೇರಳದಲ್ಲಿ ವಯಸ್ಸಾದವರು ಹೆಚ್ಚು, ವಯಸ್ಸಾದವರಿಗೆ ಕಾಯಿಲೆ ಹೆಚ್ಚು" ಎಂಬ ಆಯ್ಕೆ ಬಂದರೂ ಒಪ್ಪಬಹುದು. ಹೆಚ್ಚು ಕಾಲ ಬದುಕುವುದೇ ಕಾಯಿಲೆಯವರ ಪ್ರಮಾಣ ಏರಲು ಕಾರಣ ಆಗುತ್ತದೆ, ಎರಡೂ ಬದಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಂದು ವಿರೋಧಕ್ಕೆ ಒಂದೇ ಪರಿಹಾರ ಅಂತ ಇಲ್ಲ. ಪರೀಕ್ಷೆಯಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ಆಯ್ಕೆಯಾಗಿ ಕೊಟ್ಟಿರುತ್ತಾರೆ, ಅಷ್ಟೇ.

ಕ್ಲಾಟ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಜಾತಿಯ ಪ್ರಶ್ನೆಯನ್ನು ಗುರುತಿಸುವ ಪದಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಪ್ರಶ್ನೆಯಲ್ಲಿ ರಿಸಾಲ್ವ್, ರೆಕನ್ಸೈಲ್, ಎಕ್ಸ್‌ಪ್ಲೇನ್. ಅದರ ಜೊತೆ ಪ್ಯಾರಡಾಕ್ಸ್, ಡಿಸ್ಕ್ರಿಪೆನ್ಸಿ, ಸರ್‌ಪ್ರೈಸಿಂಗ್ ರಿಸಲ್ಟ್. ಪ್ಯಾಸೇಜಿನೊಳಗೆ ಯೆಟ್, ಹೌಎವರ್, ಡಿಸ್ಪೈಟ್, ನೆವರ್‌ದಲೆಸ್. ಯೆಟ್ ಸಿಕ್ಕಿದ ಜಾಗದಲ್ಲಿ ಒಂದು ಅಡ್ಡಗೆರೆ ಹಾಕಿ. ಗೆರೆಯ ಮೇಲೆ ಒಂದು ಮಾತು, ಕೆಳಗೆ ಇನ್ನೊಂದು. ಕ್ಲಾಟಿನ ಪ್ಯಾಸೇಜು ಸುಮಾರು 450 ಪದದ್ದು, ಅಷ್ಟನ್ನೂ ಹೊತ್ತುಕೊಂಡು ಆಯ್ಕೆಗಳಿಗೆ ಹೋಗಬೇಡಿ. ಎರಡು ಸಾಲು ಮಾತ್ರ ಹೊತ್ತುಕೊಂಡು ಹೋಗಿ.

---

ಕುಂಬಳೆ ಕಡಲು:

ಸಂಖ್ಯೆ ಬರುವ ವಿರೋಧಾಭಾಸಗಳ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತೇನೆ. ನೀರಿನ ಪ್ರಶ್ನೆಯಲ್ಲಿ "ಜನಸಂಖ್ಯೆ ಹೆಚ್ಚುಕಡಿಮೆ ಒಂದೇ" ಅಂತ ಒಂದು ಸಾಲು ಉಂಟಲ್ಲ, ಅದು ಸುಮ್ಮನೆ ಬಂದದ್ದಲ್ಲ. ಆ ಸಾಲು ಇಲ್ಲದಿದ್ದರೆ "ಮೊದಲನೆಯ ಜಿಲ್ಲೆಯಲ್ಲಿ ಮನೆಗಳೇ ಹತ್ತು ಪಾಲು ಹೆಚ್ಚು" ಎಂಬ ಆಯ್ಕೆಯೂ ಉತ್ತರ ಆಗುತ್ತಿತ್ತು. ಪ್ರಶ್ನೆ ಮಾಡಿದವರು ಆ ಬಾಗಿಲನ್ನು ಮೊದಲೇ ಮುಚ್ಚಿದ್ದಾರೆ. ಇಂಥ ಸಾಲು ಕಂಡರೆ ಯಾವ ದಾರಿ ಮುಚ್ಚಿತು ಅಂತ ನೋಡಿ, ಆ ದಾರಿಯ ಆಯ್ಕೆಯನ್ನು ಕಣ್ಣುಮುಚ್ಚಿ ಬಿಡಬಹುದು.

ಅತಿ ಸಾಮಾನ್ಯವಾದದ್ದು ಸಂಖ್ಯೆ ಮತ್ತು ಶೇಕಡಾವಾರು ಬೆರೆಸುವುದು. ಒಂದು ಶಾಲೆಯಲ್ಲಿ 400 ಮಕ್ಕಳಲ್ಲಿ 80 ಮಂದಿ ಕನ್ನಡ ಮಾಧ್ಯಮ ಅಂತ ಇಟ್ಟುಕೊಳ್ಳಿ, ಶೇಕಡಾ 20. ಕೆಲವು ವರ್ಷ ಕಳೆದು 600 ಮಕ್ಕಳಲ್ಲಿ 96 ಮಂದಿ, ಶೇಕಡಾ 16. ಒಬ್ಬರು "ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಿದರು" ಅಂದರೂ ಸರಿ, ಇನ್ನೊಬ್ಬರು "ಕನ್ನಡ ಮಾಧ್ಯಮದ ಪಾಲು ಇಳಿಯಿತು" ಅಂದರೂ ಸರಿ. ತಾಳೆ ಮಾಡುವುದು ಮೂರನೆಯ ಮಾತು: ಒಟ್ಟು ಮಕ್ಕಳು ಅದಕ್ಕಿಂತ ವೇಗವಾಗಿ ಹೆಚ್ಚಿದರು. ಮೇಲಿನ ಸಾಲಿನಲ್ಲಿ "ಎಷ್ಟು ಮಂದಿ", ಕೆಳಗಿನ ಸಾಲಿನಲ್ಲಿ "ಎಷ್ಟು ಪಾಲು" ಅಂತ ಇದ್ದರೆ ಉತ್ತರ ಛೇದದಲ್ಲಿ ಇರುತ್ತದೆ.

ಇದಕ್ಕಿಂತ ಸ್ವಲ್ಪ ಆಳದ್ದು ಸಿಂಪ್ಸನ್ನನ ವಿರೋಧಾಭಾಸ: ಬಿಡಿ ಗುಂಪುಗಳಲ್ಲಿ ಕಂಡದ್ದು ಒಟ್ಟು ಕೂಡಿಸಿದಾಗ ತಿರುಗಿಬೀಳುವುದು. ಒಮ್ಮೆ ಕೈಯಾರೆ ಲೆಕ್ಕ ಹಾಕಿದವರಿಗೆ ಮರೆಯುವುದಿಲ್ಲ. 1986ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ, ಮೂತ್ರಪಿಂಡದ ಕಲ್ಲಿಗೆ ಎರಡು ಚಿಕಿತ್ಸೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ 350ರಲ್ಲಿ 273 ಮಂದಿಗೆ ಗುಣ, ಶೇಕಡಾ 78. ಸಣ್ಣ ತೂತಿನ ಮೂಲಕ ಮಾಡುವ ಚಿಕಿತ್ಸೆಯಲ್ಲಿ 350ರಲ್ಲಿ 289, ಶೇಕಡಾ 83. ಸಣ್ಣ ತೂತಿನದ್ದೇ ಮೇಲು ಅಂತ ಅನಿಸುತ್ತದೆ. ಈಗ ಕಲ್ಲಿನ ಗಾತ್ರ ನೋಡಿ ಬಿಡಿಸಿ. ಸಣ್ಣ ಕಲ್ಲು: ತೆರೆದದ್ದು 87ರಲ್ಲಿ 81, ಶೇಕಡಾ 93, ತೂತಿನದ್ದು 270ರಲ್ಲಿ 234, ಶೇಕಡಾ 87. ದೊಡ್ಡ ಕಲ್ಲು: ತೆರೆದದ್ದು 263ರಲ್ಲಿ 192, ಶೇಕಡಾ 73, ತೂತಿನದ್ದು 80ರಲ್ಲಿ 55, ಶೇಕಡಾ 69. ಸಣ್ಣದರಲ್ಲೂ ತೆರೆದದ್ದೇ ಮೇಲು, ದೊಡ್ಡದರಲ್ಲೂ ತೆರೆದದ್ದೇ ಮೇಲು, ಒಟ್ಟು ಕೂಡಿಸಿದರೆ ಮಾತ್ರ ಕೆಳಗೆ.

ಕಾರಣ ಕಣ್ಣೆದುರೇ ಉಂಟು. 263 ಮತ್ತು 80 ನೋಡಿ. ಗುಣವಾಗುವುದು ಕಷ್ಟ ಇರುವ ದೊಡ್ಡ ಕಲ್ಲುಗಳು ಹೆಚ್ಚಾಗಿ ತೆರೆದ ಶಸ್ತ್ರಚಿಕಿತ್ಸೆಯ ಪಾಲಿಗೆ ಬಂದಿವೆ, ಸುಲಭದವು ಇನ್ನೊಂದರ ಪಾಲಿಗೆ. ಪರೀಕ್ಷೆಯಲ್ಲಿ ಇಷ್ಟು ಸಂಖ್ಯೆ ಕೊಡುವುದಿಲ್ಲ. "ಒಳ್ಳೆಯ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ಹೆಚ್ಚು", "ನುರಿತ ವಕೀಲರು ಸೋಲುವ ಕೇಸು ಹೆಚ್ಚು" ಅಂತ ಒಂದೇ ಸಾಲಿನಲ್ಲಿ ಬರುತ್ತದೆ. ಎರಡಕ್ಕೂ ಉತ್ತರ ಒಂದೇ ದಾರಿಯದ್ದು, ಕಷ್ಟದವು ಅವರ ಹತ್ತಿರವೇ ಹೋಗುತ್ತವೆ.

ಇನ್ನೊಂದು ದಾರಿ, ಲೆಕ್ಕಕ್ಕೆ ಬಂದವರು ಯಾರು ಅಂತ ಕೇಳುವುದು. ಎರಡನೆಯ ಮಹಾಯುದ್ಧದಲ್ಲಿ ಹಾರಿ ವಾಪಸು ಬಂದ ವಿಮಾನಗಳ ಮೇಲೆ ಗುಂಡಿನ ತೂತು ಎಲ್ಲಿ ಎಷ್ಟು ಅಂತ ಲೆಕ್ಕ ಹಾಕಿದ್ದರು. ತೂತು ಕಡಿಮೆ ಇದ್ದ ಎಂಜಿನ್ ಭಾಗವನ್ನೇ ಗಟ್ಟಿ ಮಾಡಬೇಕು ಎಂಬುದು ಗಣಿತಜ್ಞ ಅಬ್ರಹಾಂ ವಾಲ್ಡ್ ಅವರ ವಿಶ್ಲೇಷಣೆಯಿಂದ ಹೊರಟ ಮಾತು. ಎಂಜಿನ್ನಿಗೆ ಗುಂಡು ತಾಗಿದವು ವಾಪಸು ಬಂದಿರಲಿಲ್ಲ, ಹಾಗಾಗಿ ಲೆಕ್ಕದಲ್ಲೇ ಇರಲಿಲ್ಲ.

---

ನೀರ್ಚಾಲು ಹುಡುಗಿ:

ಮಾಷ್ಟ್ರೇ, "ಅದಕ್ಕೇ" ಹಾಕಿ ಓದುವುದು ತುಂಬ ಉಪಯೋಗ ಆಯಿತು. ಅಕ್ಕ, ಒಂದೇ ಬದಿ ಮುಟ್ಟುವ ಆಯ್ಕೆಗಳೇ ನನ್ನನ್ನು ಬೀಳಿಸುತ್ತಿದ್ದವು ಅಂತ ಈಗ ಗೊತ್ತಾಯಿತು. ಇನ್ನು ಮೂರು ಸಂಶಯ. ಆಯ್ಕೆ ನೋಡುವ ಮೊದಲೇ ಉತ್ತರ ಊಹಿಸಬೇಕಾ? 'ಎಕ್ಸೆಪ್ಟ್' ಅಂತ ಬಂದರೆ ಎಂತ ಮಾಡುವುದು? ಇಷ್ಟೆಲ್ಲ ಮಾಡಿಯೂ ಎರಡು ಉಳಿದರೆ ಬಿಡುವುದಾ, ಹಾಕುವುದಾ?

---

ಅಡೂರು ಅಕ್ಕ:

ಊಹಿಸಬೇಡಿ ಅಂತ ನಾನು ಹೇಳುವುದು. ಒಂದು ಉತ್ತರ ಮನಸ್ಸಿನಲ್ಲಿ ಕೂತರೆ ಅದೇ ಪದಗಳನ್ನು ಆಯ್ಕೆಗಳಲ್ಲಿ ಹುಡುಕಲು ಶುರುಮಾಡುತ್ತೀರಿ. ನೀರಿನ ಪ್ರಶ್ನೆಗೆ "ಬಾವಿ ಬತ್ತಿದೆ" ಅಂತ ಊಹಿಸಿಕೊಂಡವರಿಗೆ ಸಿ ಕಣ್ಣಿಗೆ ಬೀಳುವುದಿಲ್ಲ, ಹತ್ತಿರದ್ದು ಅಂತ ಎಗೆ ಹೋಗುತ್ತಾರೆ.

'ಎಕ್ಸೆಪ್ಟ್' ಬಂದರೆ ಉಳಿದ ಆಯ್ಕೆಗಳೆಲ್ಲ ವಿರೋಧವನ್ನು ಬಿಡಿಸುತ್ತವೆ, ಒಂದು ಮಾತ್ರ ಬಿಡಿಸುವುದಿಲ್ಲ. ಇಲ್ಲಿ ಆಗುವ ತಪ್ಪು ಏನೆಂದರೆ, ವಿರೋಧವನ್ನು ಹೆಚ್ಚಿಸುವ ಆಯ್ಕೆಯನ್ನೇ ಹುಡುಕುತ್ತಾ ಕೂರುವುದು. ಉತ್ತರ ಅಂಥದ್ದೂ ಆಗಬಹುದು, ಯಾವ ಸಂಬಂಧವೂ ಇಲ್ಲದ ಆಯ್ಕೆಯೂ ಆಗಬಹುದು. ಒಂದು ಮಾದರಿ ಕೊಡುತ್ತೇನೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ದೊಡ್ಡ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಪ್ರಶ್ನೆ ಹೀಗಿರಲಿ: "ಆ ದಿನಗಳಲ್ಲಿ ಬಂದರಿಗೆ ಬರುವ ಒಟ್ಟು ಮೀನು ಕಡಿಮೆ. ಆದರೂ ಸಣ್ಣ ದೋಣಿಯವರ ಸಂಪಾದನೆ ಹೆಚ್ಚುತ್ತದೆ." ಮೀನಿನ ರೇಟು ಏರುತ್ತದೆ ಎಂಬುದು ಬಿಡಿಸುತ್ತದೆ. ಸಣ್ಣ ದೋಣಿಗಳಿಗೆ ನಿಷೇಧ ಇಲ್ಲ, ದೊಡ್ಡ ಬೋಟುಗಳ ಪೈಪೋಟಿಯೂ ಇಲ್ಲ ಎಂಬುದೂ ಬಿಡಿಸುತ್ತದೆ. ಆ ತಿಂಗಳುಗಳಲ್ಲಿ ಬೂತಾಯಿಯಂಥ ಮೀನು ದಡದ ಹತ್ತಿರ ಬರುತ್ತದೆ ಎಂಬುದೂ ಬಿಡಿಸುತ್ತದೆ. "ನಿಷೇಧದ ದಿನಗಳಲ್ಲಿ ದೊಡ್ಡ ಬೋಟಿನವರು ಬಲೆ, ಎಂಜಿನ್ ರಿಪೇರಿ ಮಾಡಿಸುತ್ತಾರೆ" ಎಂಬುದು ನಿಜವೇ ಇರಬಹುದು, ಆದರೆ ಸಣ್ಣ ದೋಣಿಯವರ ಸಂಪಾದನೆಗೂ ಅದಕ್ಕೂ ಕೊಂಡಿ ಇಲ್ಲ. ಉತ್ತರ ಅದೇ. ಪ್ರತಿ ಆಯ್ಕೆಯ ಪಕ್ಕ "ಬಿಡಿಸಿತು" ಎಂಬುದಕ್ಕೆ ಒಂದು ಟಿಕ್ ಹಾಕುತ್ತಾ ಹೋಗಿ. ಟಿಕ್ ಬೀಳದೆ ಉಳಿದದ್ದು ಉತ್ತರ.

---

ಮುಳ್ಳೇರಿಯ ಮಾಷ್ಟ್ರು:

ಊಹೆಯ ಬಗ್ಗೆ ಅಕ್ಕನ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಉತ್ತರ ಊಹಿಸಬಾರದು, ನಿಜ. ಆದರೆ ವಿರೋಧ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಊಹಿಸದೆ ಹೋದರೆ ನಾಲ್ಕೂ ಆಯ್ಕೆ ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ ಆಯ್ಕೆಗೆ ಇಳಿಯುವ ಮೊದಲು ಐದಾರು ಸೆಕೆಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: "ನಾನು ಒಂದೇ ಅಂತ ಭಾವಿಸಿದ ಯಾವ ಎರಡು ಸಂಗತಿ ನಿಜಕ್ಕೂ ಬೇರೆ ಬೇರೆ?" ಬಿದ್ದ ನೀರು, ಉಳಿದ ನೀರು. ಕಾಯಿಲೆ ಇರುವುದು, ಉಂಟು ಅಂತ ಹೇಳುವುದು. ಎಷ್ಟು ಮಂದಿ, ಎಷ್ಟು ಪಾಲು. ಹಿಡಿದ ಮೀನು, ಮೀನಿನಿಂದ ಬಂದ ದುಡ್ಡು. ಇಲ್ಲಿ ಬಂದ ಉದಾಹರಣೆಗಳಲ್ಲಿ ಹೆಚ್ಚಿನವು ಇದೇ ಬೀಗದ ಕೀಲಿಗೆ ತೆರೆದವು. ಜೋಡಿ ಹೊಳೆದರೆ ಸಾಕು, ಕಾರಣವನ್ನು ಆಯ್ಕೆಯೇ ತಂದುಕೊಡಲಿ.

ಎರಡು ಉಳಿದರೆ ಹಾಕುವುದೇ ಲಾಭ, ಲೆಕ್ಕ ಇಲ್ಲಿದೆ. ಕ್ಲಾಟಿನಲ್ಲಿ ಈಗ 120 ನಿಮಿಷಕ್ಕೆ 120 ಪ್ರಶ್ನೆ, ಸರಿಗೆ 1, ತಪ್ಪಿಗೆ 0.25 ಕಡಿತ. ಎರಡರಲ್ಲಿ ಒಂದು ಹಾಕಿದರೆ ಸರಾಸರಿ 0.5ರಿಂದ 0.125 ಕಳೆದು 0.375 ಕೈಗೆ ಸಿಗುತ್ತದೆ. ಯುಪಿಎಸ್‌ಸಿಯ ಸಿಸ್ಯಾಟ್ (ಸಿವಿಲ್ ಸರ್ವಿಸ್ ಪ್ರಿಲಿಮ್ಸ್‌ನ ಎರಡನೆಯ ಪತ್ರಿಕೆ) ಬರೆಯುವವರು ಸ್ವಲ್ಪ ನೋಡಿ ಹಾಕಬೇಕು. ಅಲ್ಲಿ ಒಂದು ಪ್ರಶ್ನೆಗೆ 2.5, ತಪ್ಪಿಗೆ ಅದರ ಮೂರರಲ್ಲಿ ಒಂದು ಪಾಲು ಕಡಿತ. ನಾಲ್ಕರಲ್ಲಿ ಕಣ್ಣುಮುಚ್ಚಿ ಹಾಕಿದರೆ ಲಾಭ ನಷ್ಟ ಸಮಸಮ, ಒಂದನ್ನಾದರೂ ಖಚಿತವಾಗಿ ಹೊಡೆದುಹಾಕಿದರೆ ಮಾತ್ರ ಲಾಭ. ಅಮೆರಿಕದ ಕಾನೂನು ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನಲ್ಲಿ ಕಡಿತವೇ ಇಲ್ಲ, ಅಲ್ಲಿ ಖಾಲಿ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಅದರ ಹಳೆಯ ಪ್ರಶ್ನೆಗಳು ಈ ಜಾತಿಗೆ ಒಳ್ಳೆಯ ಅಭ್ಯಾಸ. ಐದು ಆಯ್ಕೆ ಇರುವುದರಿಂದ ಕೈ ಬೇಗ ಪಳಗುತ್ತದೆ.

ಇದನ್ನು ಬಿಡಿಸಿ ನೋಡಿ.

"ಬೋರ್ಡೋ ದ್ರಾವಣ ಎಂಬ ಮದ್ದು ಸಿಂಪಡಿಸಿದರೆ ಅಡಿಕೆಯ ಕೊಳೆರೋಗ ಕಡಿಮೆಯಾಗುತ್ತದೆ. ಆದರೂ ಒಂದು ಪಂಚಾಯತಿನಲ್ಲಿ ನೋಡಿದಾಗ, ಮಳೆಗಾಲದಲ್ಲಿ ಮೂರು ಸಲ ಮದ್ದು ಬಿಟ್ಟ ತೋಟಗಳಲ್ಲಿ, ಒಂದೇ ಸಲ ಬಿಟ್ಟ ತೋಟಗಳಿಗಿಂತ ಕೊಳೆರೋಗ ಹೆಚ್ಚಿತ್ತು."

ಎ) ಮೂರು ಸಲ ಬಿಟ್ಟವರು ಪ್ರತಿ ಸಲವೂ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಸರಿಯಾದ ಪ್ರಮಾಣವನ್ನೇ ಬಳಸಿದ್ದರು.
ಬಿ) ಕೊಳೆರೋಗ ತಾಗಿದ ಅಡಿಕೆಗೆ ಮಾರ್ಕೆಟಿನಲ್ಲಿ ರೇಟು ಕಡಿಮೆ.
ಸಿ) ಮೂರು ಸಲ ಬಿಟ್ಟ ತೋಟಗಳು ಹೆಚ್ಚಾಗಿ ಬಿಸಿಲು ಬೀಳದ ತಗ್ಗಿನಲ್ಲಿದ್ದು, ಅಲ್ಲಿ ಪ್ರತಿ ವರ್ಷ ಕೊಳೆರೋಗ ಬೇರೆ ತೋಟಗಳಿಗಿಂತ ತುಂಬ ಹೆಚ್ಚು.
ಡಿ) ಆ ವರ್ಷ ಪಂಚಾಯತಿನ ಎಲ್ಲ ತೋಟಗಳಲ್ಲೂ ಜೋರು ಮಳೆಗೆ ಮದ್ದು ತೊಳೆದುಹೋಗಿತ್ತು.

---

ನೀರ್ಚಾಲು ಹುಡುಗಿ:

ಮೊದಲು ಬೇರೆ ಬೇರೆ ಸಂಗತಿಗಳ ಜೋಡಿ: "ಮದ್ದು ಬಿಟ್ಟದ್ದರಿಂದ ಬಂದ ವ್ಯತ್ಯಾಸ" ಮತ್ತು "ಮೊದಲೇ ಇದ್ದ ವ್ಯತ್ಯಾಸ". ಎ ವಿರೋಧವನ್ನು ಹೆಚ್ಚಿಸುತ್ತದೆ, ಸರಿಯಾಗಿ ಬಿಟ್ಟೂ ರೋಗ ಹೆಚ್ಚು ಅಂದ ಹಾಗಾಯಿತು. ಬಿ ರೋಗ ಬಂದ ಮೇಲಿನ ಕತೆ, ಸಂಬಂಧ ಇಲ್ಲ. ಸಿ ಮತ್ತು ಡಿ ಉಳಿದವು. ಹಿಂದಿನ ಹಾಗಾಗಿದ್ದರೆ ಡಿಗೇ ಹೋಗುತ್ತಿದ್ದೆ. ಆದರೆ ಡಿಯಲ್ಲಿ "ಎಲ್ಲ ತೋಟಗಳಲ್ಲೂ" ಅಂತ ಉಂಟು, ಅಕ್ಕ ಹೇಳಿದ ತಕ್ಕಡಿಯ ಹಾಗೆ. ಎಲ್ಲರ ಮದ್ದೂ ತೊಳೆದುಹೋದರೆ ರೋಗ ಸಮ ಇರಬೇಕು, ಮೂರು ಸಲದವರಲ್ಲಿ ಹೆಚ್ಚು ಯಾಕೆ ಅಂತ ಅದು ಹೇಳುವುದಿಲ್ಲ. ಸಿ ಹಾಕಿ ಓದಿದೆ: "ತಗ್ಗಿನ ತೋಟಕ್ಕೆ ಕೊಳೆರೋಗ ಮೊದಲೇ ಹೆಚ್ಚು, ಅದಕ್ಕೇ ಮೂರು ಸಲ ಬಿಟ್ಟರೂ ಬೇರೆಯವರಿಗಿಂತ ಹೆಚ್ಚೇ ಉಳಿಯಿತು." ಉತ್ತರ ಸಿ. ಆದರೆ ಸಿಯಲ್ಲಿ "ಹೆಚ್ಚಾಗಿ" ಅಂತ ಇರುವುದರಿಂದ ಸ್ವಲ್ಪ ಅಳುಕು.

---

ಮುಳ್ಳೇರಿಯ ಮಾಷ್ಟ್ರು:

ಸರಿ ಉಂಟು. "ಹೆಚ್ಚಾಗಿ"ಗೆ ಅಳುಕಬೇಡಿ. ಇಲ್ಲಿ ಸಾಬೀತು ಮಾಡಬೇಕಾಗಿಲ್ಲ, ಎರಡೂ ಮಾತು ಒಟ್ಟಿಗೆ ನಿಲ್ಲಲು ಜಾಗ ಮಾಡಿಕೊಟ್ಟರೆ ಸಾಕು. ಎರಡು ಗುಂಪುಗಳ ಹೋಲಿಕೆಗೆ ಒಂದು ಗುಂಪಿನ ಹೆಚ್ಚಿನ ತೋಟಗಳು ಬೇರೆ ಥರದವು ಅಂದರೆ ಧಾರಾಳವಾಯಿತು. "ಸ್ವಲ್ಪ"ಕ್ಕೂ "ಹೆಚ್ಚಾಗಿ"ಗೂ ಇರುವ ತೂಕದ ವ್ಯತ್ಯಾಸ ನೋಡಿ: ಮೊದಲ ಪ್ರಶ್ನೆಯ ಎಯನ್ನು ಬೀಳಿಸಿದ್ದು ಅದು ಪೂರ್ತಿ ಹೇಳಲಿಲ್ಲ ಎಂಬುದಲ್ಲ, 2,800 ಮಿ.ಮೀ. ಅಂತರಕ್ಕೆ ಅದು ಏನೇನೂ ಸಾಲದು ಎಂಬುದು.

ಇನ್ನು ಡಿಯನ್ನು ಬಿಸಾಡಬೇಡಿ. ಒಂದೆರಡು ಪದ ಬದಲಿಸಿ ಅದನ್ನೇ ಸರಿ ಉತ್ತರ ಮಾಡಲು ನೋಡಿ. "ತೊಳೆದುಹೋದ ತೋಟದವರೇ, ರೋಗ ಕಂಡ ಮೇಲೆ, ಎರಡನೆಯ ಮೂರನೆಯ ಸಲ ಬಿಟ್ಟರು" ಅಂತ ಮಾಡಿದರೆ ಏನಾಗುತ್ತದೆ? ಮದ್ದು ಹೆಚ್ಚಿದ್ದರಿಂದ ರೋಗ ಅಲ್ಲ, ರೋಗ ಹೆಚ್ಚಿದ್ದರಿಂದ ಮದ್ದು. ಬಿಟ್ಟುಹಾಕಿದ ಪ್ರತಿ ಆಯ್ಕೆಗೆ ಹೀಗೆ ಮಾಡಿ, ದಿನಕ್ಕೆ ಮೂರು ಪ್ರಶ್ನೆ ಸಾಕು. ನೀರಿನ ಪ್ರಶ್ನೆಯ ಬಿಯಿಂದ ಶುರುಮಾಡಿ, "ಎರಡೂ" ಎಂಬ ಪದ ತೆಗೆದು ನೋಡಿ, ಬರೆದದ್ದನ್ನು ಇಲ್ಲಿ ಹಾಕಿ.